ಷಡ್ಡಕನ ಸ್ವಿಚ್ಚು

ಜೂನ್ ೩, ಸೋಮವಾರ

ಹೆಂಡತಿ ತಂಗಿಯ ಮನೆಗೆ ಹೋದಳು. ನಾದಿನಿ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡು ಮಲಗಿದ್ದಾಳೆ. ಪ್ಲಾಸ್ಟರ್ ಬಿಚ್ಚುವ ತನಕ ಇವಳಿಗೆ ಅಲ್ಲೇ ವಾಸ, ನನಗೆ ಸಂಜೆಯ ಊಟ ಅಲ್ಲೇ. ಅದನ್ನೆಲ್ಲ ತಡೆದುಕೊಂಡೇನು. ಆದರೆ ಇಡೀ ಕಾರ್ಖಾನೆಯಲ್ಲಿ ನನ್ನ ಹೆಸರು ಮೊಳಗಿದ ದಿನವೇ ಹೇಳಿಕೊಳ್ಳಲು ಮನೆಯಲ್ಲಿ ಒಂದು ಕಿವಿಯೂ ಇಲ್ಲವಲ್ಲ! ಗೋಡೆಗೆ ಹೇಳಿದೆ. ಗೋಡೆ ಹೂಂಗುಟ್ಟಲಿಲ್ಲ. ಅದಕ್ಕೇ ಕಂಪನಿಯವರು ವರ್ಷಾವರ್ಷ ಕೊಡುವ ಡೈರಿಯನ್ನು ಮೊದಲ ಸಲ ತೆರೆದಿದ್ದೇನೆ.

ನಮ್ಮದು ಬಿಸ್ಕತ್ತು ಕಾರ್ಖಾನೆ. ಹಳೇ ಶೆಡ್ಡಿನ ಕಂಪ್ಯೂಟರು, ತೂಕದ ಯಂತ್ರ, ಪೊಟ್ಟಣದ ಮೇಲೆ ತಾರೀಖು ಹೊಡೆಯುವ ಯಂತ್ರ, ಎಲ್ಲವನ್ನೂ ಕೇಬಲ್ಲಿನಿಂದ ಹೆಣೆದು ನಿಲ್ಲಿಸಿದವನು ನಾನು. ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ. ಆಮೇಲೆ ವೈರಿಂಗ್ ಕೆಲಸ. ಮಿಕ್ಕಿದ್ದೆಲ್ಲ ಮುಟ್ಟಿ, ಶಾಕ್ ಹೊಡೆಸಿಕೊಂಡು ಕಲಿತದ್ದು. ಇಲ್ಲಿ ಎಲ್ಲರಿಗೂ ನಾನು ವೈರ್ ಮಾವ. ಏನೇ ಕೆಟ್ಟರೂ "ಮಾವನ್ನ ಕರೀರಿ" ಎಂಬ ಕೂಗು ಕೇಳಬೇಕು, ಆಗಲೇ ನನಗೆ ಬೆಳಗಿನ ಚಹಾ ಇಳಿಯುವುದು.

ಈ ವರ್ಷ ಹೊಸ ಶೆಡ್ಡು ಎದ್ದಿತು. ಅದನ್ನು ನೋಡಿಕೊಳ್ಳಲು ನನ್ನ ಷಡ್ಡಕನನ್ನು, ಅಂದರೆ ಈ ಕಾಲು ಮುರಿದ ನಾದಿನಿಯ ಗಂಡನನ್ನು, ತಂದರು. ತಂದರು ಎನ್ನುವುದೇನು, ನಾನೇ ಮ್ಯಾನೇಜರ ಕಿವಿಯಲ್ಲಿ ಒಂದು ಮಾತು ಹಾಕಿ ಸೇರಿಸಿದೆ. ಸರ್ಟಿಫಿಕೇಟು ಇರುವ ಮನುಷ್ಯ. ಏಣಿ ಹತ್ತಿ ಇಳಿದರೂ ಅಂಗಿಯ ಗೆರೆ ಮುರಿಯುವುದಿಲ್ಲ. ಅವನಿಗೆ ನಾನಿಟ್ಟ ಹೆಸರು ಇಸ್ತ್ರಿ.

ಇವತ್ತು ಎರಡು ಶೆಡ್ಡನ್ನೂ ಆಫೀಸನ್ನೂ ಒಂದೇ ಜಾಲಕ್ಕೆ ಸೇರಿಸಿದೆವು. ಒಂದು ಕೇಬಲ್ಲು ಕಡಿದರೆ ಇನ್ನೊಂದಿರಲಿ ಎಂದು ಸುತ್ತು ಹಾಕಿ ತಂದಿದ್ದೇವೆ. ಆದರೆ ಸುತ್ತು ಇದ್ದಲ್ಲಿ ಅಪಾಯವೂ ಇದೆ. ಒಳಗೆ ಬಿದ್ದ ಸುದ್ದಿ ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ, ಸುತ್ತಿದ ಹಾಗೆ ಮರಿ ಹಾಕುತ್ತದೆ, ಕೊನೆಗೆ ದಾರಿಯೇ ಕಟ್ಟಿಹೋಗುತ್ತದೆ. ಹಾಗಾಗದಂತೆ ಸ್ವಿಚ್ಚುಗಳು, ಅಂದರೆ ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆಗಳು, ತಮ್ಮತಮ್ಮಲ್ಲೇ ಒಂದು ಚುನಾವಣೆ ಮಾಡಿ ಒಬ್ಬನನ್ನು ರೂಟ್, ಅಂದರೆ ಬೇರು, ಎಂದು ಆರಿಸಿಕೊಳ್ಳುತ್ತವೆ. ಎಲ್ಲ ದಾರಿಯೂ ಬೇರಿನ ಕಡೆಗೆ, ಹೆಚ್ಚುವರಿ ದಾರಿಗೆ ಬೀಗ. ಸ್ಪ್ಯಾನಿಂಗ್ ಟ್ರೀ ಅಂತ ಅದಕ್ಕೆ ಹೆಸರು.

ಜೋಡಿಸಿದ ಕೂಡಲೇ ಚುನಾವಣೆ ನಡೆಯಿತು. ಹೊಸ ಶೆಡ್ಡಿನ ಮಿರಿಮಿರಿ ಸ್ವಿಚ್ಚನ್ನು ಬಿಟ್ಟು ಹಳೇ ಶೆಡ್ಡಿನ ನನ್ನ ಮುದಿ ಸ್ವಿಚ್ಚೇ ಗೆದ್ದಿತು!

"ಅಣ್ಣ, ರೂಟ್ ನಿಮ್ಮ ಕಡೆ ಹೋಗಿದೆ," ಎಂದ ಇಸ್ತ್ರಿ ಕಂಪ್ಯೂಟರಿನ ತೆರೆ ನೋಡುತ್ತ.

"ಹೋಗದೆ ಏನು ತಮ್ಮಾ? ಮನೆಗೆ ಹಿರಿಯರು ಯಾರು ಅಂತ ಯಂತ್ರಕ್ಕೂ ಗೊತ್ತು."

ನಾಲ್ಕು ಜನ ನಕ್ಕರು. ಇಸ್ತ್ರಿ ನಗಲಿಲ್ಲ. ಅವನಿಗೆ ನಗು ಬಂದರೂ ಮಡಿಸಿ ಜೇಬಿನಲ್ಲಿಟ್ಟುಕೊಳ್ಳುತ್ತಾನೆ.

ಜೂನ್ ೪, ಮಂಗಳವಾರ

ನನ್ನ ರಾಜ್ಯಭಾರ ಒಂದೇ ದಿನ ನಡೆಯಿತು.

ಬೆಳಗ್ಗೆ ಮ್ಯಾನೇಜರು ಇಬ್ಬರನ್ನೂ ಕರೆದರು. ಇಸ್ತ್ರಿ ಮೆಲ್ಲನೆ ಶುರು ಮಾಡಿದ. "ಸರ್, ಹಳೇ ಸ್ವಿಚ್ಚು ನಿಧಾನ. ಅದು ರೂಟ್ ಆದ್ರೆ ಹೊಸ ಶೆಡ್ಡಿನ ಭಾರವೆಲ್ಲ ಅದರ ತಲೆ ಮೇಲೆ ಬೀಳುತ್ತೆ. ಹೊಸದನ್ನೇ ರೂಟ್ ಮಾಡೋಣ."

ಮಾಡೋಣ ಎಂದವರು ಮ್ಯಾನೇಜರು. ಮಾಡಿದವನು ಇಸ್ತ್ರಿ. ನೋಡಿದವನು ನಾನು.

ಅದರ ಉಪಾಯ ಇಷ್ಟೇ. ಪ್ರತಿ ಸ್ವಿಚ್ಚಿಗೂ ಒಂದು ನಂಬರು ಇರುತ್ತದೆ. ಯಾರ ನಂಬರು ಚಿಕ್ಕದೋ ಅವನೇ ದೊಡ್ಡವನು. ನಂಬರು ಸಮ ಬಂದರೆ ತಯಾರಾದಲ್ಲೇ ಮೈಮೇಲೆ ಒತ್ತಿ ಕಳಿಸಿದ ವಿಳಾಸ ನೋಡುತ್ತವೆ, ಅಲ್ಲೂ ಚಿಕ್ಕದಕ್ಕೇ ಗೆಲುವು. ನಿನ್ನೆ ಇಬ್ಬರ ನಂಬರೂ ಒಂದೇ ಇತ್ತು, ಹಳೇ ಪೆಟ್ಟಿಗೆಯ ವಿಳಾಸ ಚಿಕ್ಕದಿತ್ತು, ನಾನು ಗೆದ್ದೆ. ಇವತ್ತು ಇಸ್ತ್ರಿ ತನ್ನ ನಂಬರನ್ನು ಒಂದು ಮೆಟ್ಟಿಲು ಇಳಿಸಿದ, ಅವನು ಗೆದ್ದ.

ಹೊರಡುವಾಗ ಮ್ಯಾನೇಜರು ಚಹಾ ಕುಡಿಯುತ್ತ ಇನ್ನೊಂದು ಮಾತು ಉದುರಿಸಿದರು. "ಜಾಲ ಒಂದೇ ಆದ ಮೇಲೆ ಅದಕ್ಕೆ ಇಬ್ಬರು ಯಾಕೆ? ತಿಂಗಳ ಕೊನೆಗೆ ನೋಡ್ತೀನಿ, ಯಾರು ಸರಿಯಾಗಿ ನಡೆಸ್ತಾರೋ ಅವರ ಕೈಗೆ ಬೀಗದ ಕೈ. ಇನ್ನೊಬ್ಬರಿಗೆ ಬೇರೆ ಏನಾದ್ರೂ ಕೆಲಸ ಹುಡುಕೋಣ, ಸಿಕ್ಕಿದ್ರೆ."

ಆ ಕೊನೆಯ ಪದ ಇಡೀ ದಿನ ನನ್ನ ಕಿವಿಯಲ್ಲಿ ಸೊಳ್ಳೆಯಾಗಿ ಗುಂಯ್‌ಗುಟ್ಟಿತು.

ಜೂನ್ ೬, ಗುರುವಾರ

ಸಂಜೆ ಇಸ್ತ್ರಿಯ ಮನೆಯಲ್ಲಿ ಊಟ. ತುತ್ತು ಗಂಟಲಲ್ಲಿ ಇಳಿಯಲು ಬಿಟ್ಟರೆ ತಾನೆ?

ಹೆಂಡತಿ ಬಡಿಸುತ್ತ ಅವನ ಗುಣಗಾನ ಶುರು ಮಾಡಿದಳು. "ನೋಡಿ ಕಲೀರಿ. ಬೆಳಗ್ಗೆ ಎದ್ದು ನೀರು ತುಂಬಿಟ್ಟು, ತಂಗಿ ತಲೆ ಬಾಚಿ, ಮಗೂನ ಸ್ಕೂಲಿಗೆ ಬಿಟ್ಟು ಆಮೇಲೆ ಕೆಲಸಕ್ಕೆ ಹೋಗ್ತಾರೆ."

"ನನಗೂ ಬಾಚೋಕೆ ಬರುತ್ತೆ."

"ನಿಮ್ಮ ತಲೇಲಿ ಬಾಚೋಕೆ ಏನು ಉಳಿದಿದೆ ರೀ?"

ಹಾಸಿಗೆಯ ಮೇಲಿಂದ ನಾದಿನಿ ನಕ್ಕಳು. ಇಸ್ತ್ರಿ ಮಾತ್ರ ತಲೆ ತಗ್ಗಿಸಿ ಉಣ್ಣುತ್ತಿದ್ದ. ಹೊಗಳಿಸಿಕೊಂಡು ಸುಮ್ಮನಿರುವವನನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನಾಗಿದ್ದರೆ ಇನ್ನೆರಡು ಸೇರಿಸಿ ಹೇಳುತ್ತಿದ್ದೆ.

ಅಷ್ಟರಲ್ಲಿ ಅವರ ಮಗಳು ಪಕ್ಕದಲ್ಲಿ ಬಂದು ಕುಳಿತಳು. ಈ ಪುಟ್ಟಿಗೆ ಮಾತು ಬಂದಾಗಿನಿಂದ ಅವಳ ಪಾಲಿಗೆ ಜಗತ್ತಿನಲ್ಲಿ ದೊಡ್ಡವನೆಂದರೆ ದೊಡ್ಡಪ್ಪ ಒಬ್ಬನೇ.

"ದೊಡ್ಡಪ್ಪ, ಈಗ ನಿಮ್ಮ ಶೆಡ್ಡು ಅಪ್ಪನ ಕೈ ಕೆಳಗೆ ಬಂತಂತೆ ಹೌದಾ?"

"ಯಾರು ಹೇಳಿದ್ದು?"

"ನಾನೇ ಅಂದ್ಕೊಂಡೆ. ಅಪ್ಪಂದು ಚಿಕ್ಕ ನಂಬರು ಅಲ್ವಾ?"

ಇಸ್ತ್ರಿ ಅವಳಿಗೆ ಎಲ್ಲ ಬಿಡಿಸಿ ಹೇಳಿದ್ದಾನೆ! ಕಾಗದದ ಮೇಲೆ ಮರದ ಚಿತ್ರ ಬೇರೆ ಬರೆದುಕೊಟ್ಟಿದ್ದಾನೆ. ಬುಡದಲ್ಲಿ ಅವನ ಸ್ವಿಚ್ಚು, ಕೊಂಬೆಯ ತುದಿಯಲ್ಲಿ ನನ್ನದು. ಎಲೆಗೆ ಹಸಿರು ಬಣ್ಣ ತುಂಬಿದವಳು ಪುಟ್ಟಿ.

ಎರಡನೇ ಸಲ ಬಡಿಸಿಕೊಳ್ಳದೆ ಎದ್ದು ಬಂದೆ. ಬಂದ ಮೇಲೆ ಹಸಿವಾಯಿತು. ಡಬ್ಬದಲ್ಲಿ ಬಿಸ್ಕತ್ತು ಇತ್ತು.

ಜೂನ್ ೭, ಶುಕ್ರವಾರ

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಸ್ವಿಚ್ಚಿನೊಳಗೆ ಇಳಿದೆ. ಅದರ ಗುಟ್ಟಿನ ಪದ ನನಗೊಬ್ಬನಿಗೇ ಗೊತ್ತು. ಇಸ್ತ್ರಿ ಇಳಿದ ಮೆಟ್ಟಿಲಿಗಿಂತ ಒಂದು ಮೆಟ್ಟಿಲು ಕೆಳಗೆ ನನ್ನ ನಂಬರನ್ನು ಕೂರಿಸಿದೆ. ಗುಂಡಿ ಒತ್ತಿದೆ. ದೀಪಗಳು ಒಮ್ಮೆ ಕಣ್ಣು ಮುಚ್ಚಿ ತೆರೆದವು. ಬೇರು ನನ್ನ ಕೋಣೆಗೆ ಮರಳಿ ಬಂದು ಕಾಲು ಚಾಚಿ ಕುಳಿತಿತು.

ಒಂದು ಸಣ್ಣ ವಿಷಯ ನಡೆಯಿತು. ಬೇರು ಬದಲಾಗುವಾಗ ಜಾಲ ಅರ್ಧ ನಿಮಿಷ ಉಸಿರು ಹಿಡಿಯುತ್ತದೆ. ತಾರೀಖಿನ ಯಂತ್ರ ಉತ್ತರ ಕೊಡದಿದ್ದರೆ ಬಿಸ್ಕತ್ತು ಸಾಗಿಸುವ ಪಟ್ಟಿ ತಾನಾಗಿ ನಿಲ್ಲುತ್ತದೆ. ಪಟ್ಟಿ ನಿಂತರೆ ಒಲೆಯೊಳಗಿದ್ದ ಬಿಸ್ಕತ್ತು ಅಲ್ಲೇ ಕರಕಲಾಗುತ್ತದೆ. ಸಂಜೆ ಪ್ಯಾಕಿಂಗ್ ವಿಭಾಗದ ಮುಖ್ಯಸ್ಥೆ, ಎಲ್ಲರೂ ಅಕ್ಕ ಎನ್ನುವ ಹೆಂಗಸು, ಒಂದು ಕಪ್ಪು ಬಿಸ್ಕತ್ತು ತಂದು ನನ್ನ ಮೇಜಿನ ಮೇಲಿಟ್ಟಳು.

"ಮಾವ, ಇದು ನಿಮ್ಮ ಪಾಲು. ಹಲ್ಲಿಗೆ ಒಳ್ಳೇದು, ಉಜ್ಜಿಕೊಳ್ಳಿ."

"ಅದು ಹೊಸ ಶೆಡ್ಡಿನವರ ಕೈವಾಡ ಅಕ್ಕ. ಸರ್ಟಿಫಿಕೇಟು ಜಾಸ್ತಿ ಆದ್ರೆ ಹೀಗೇ."

"ಅವರು ಪಾಪ ಊಟಾನೂ ಬಿಟ್ಟು ಓಡಿ ಬಂದ್ರು. ನೀವೇ ಬಾಗಿಲು ಹಾಕ್ಕೊಂಡು ಕೂತಿದ್ರಿ."

ಈ ಹೆಂಗಸಿನ ಕಣ್ಣಿಗೆ ರೆಪ್ಪೆಯೇ ಇದ್ದಂತಿಲ್ಲ.

ಜೂನ್ ೧೦, ಸೋಮವಾರ

ಬೆಳಗ್ಗೆ ಬಂದು ನೋಡಿದರೆ ಬೇರು ಮತ್ತೆ ಇಸ್ತ್ರಿಯ ಕಡೆ! ಅವನು ನನಗಿಂತ ಒಂದು ಮೆಟ್ಟಿಲು ಕೆಳಗಿಳಿದಿದ್ದಾನೆ. ನಾನು ಮತ್ತೊಂದು ಇಳಿದೆ. ಪಟ್ಟಿ ನಿಂತಿತು. ಮ್ಯಾನೇಜರು ಮೆಟ್ಟಿಲ ಮೇಲೆ ನಿಂತು ಕೂಗಿದರು. ಕೂಗಿದ್ದು ಹೊಸ ಶೆಡ್ಡಿನ ಕಡೆ ಮುಖ ಮಾಡಿ. ಚಹಾ ಬಹಳ ರುಚಿಯಾಗಿತ್ತು.

ಇಸ್ತ್ರಿ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಪಾಪ, ಎಲ್ಲಿ ನೋಡಬೇಕೆಂದೇ ಅವನಿಗೆ ತಿಳಿದಿಲ್ಲ. ಗೋಡೆಗೆ ನೇತುಹಾಕುವ ಸರ್ಟಿಫಿಕೇಟು ತೆರೆಯೊಳಗೆ ಇಳಿಯುತ್ತದೆಯೇ?

ಜೂನ್ ೧೨, ಬುಧವಾರ

ಬೆಳಗ್ಗೆ ಅವನು. ಮಧ್ಯಾಹ್ನ ನಾನು.

ಜೂನ್ ೧೩, ಗುರುವಾರ

ಸೊನ್ನೆ!

ಬೆಳಗ್ಗೆ ಅವನು ಸೊನ್ನೆ ಹಾಕಿದ್ದ. ಪಾಪದವನು, ತಳ ಮುಟ್ಟಿದೆ, ಇನ್ನು ಕೆಳಗೆ ಏನಿದೆ ಎಂದುಕೊಂಡಿರಬೇಕು. ನಾನೂ ಸೊನ್ನೆ ಹಾಕಿದೆ. ಇಬ್ಬರೂ ಸಮ. ಸಮ ಬಂದರೆ ವಿಳಾಸ. ವಿಳಾಸದಲ್ಲಿ ಮುದುಕನೇ ಗೆಲ್ಲುವುದು. ಇನ್ನು ಅವನು ತಲೆ ಕೆಳಗೆ ಮಾಡಿ ನಿಂತರೂ ಬೇರು ಅಲುಗುವುದಿಲ್ಲ.

ಸಂಜೆ ಊಟಕ್ಕೆ ಹೋದಾಗ ನನಗೆ ಬಹಳ ಖುಷಿ. ಹೋಗುವಾಗ ಪುಟ್ಟಿಗೆ ಬಣ್ಣದ ಪೆನ್ಸಿಲ್ಲು ಒಯ್ದೆ. ಇಸ್ತ್ರಿ ಹೆಂಡತಿಯ ಪ್ಲಾಸ್ಟರಿನ ಕೆಳಗೆ ದಿಂಬು ಸರಿಮಾಡುತ್ತಿದ್ದ. ಕಣ್ಣು ಕೆಂಪಾಗಿದ್ದವು.

"ನಿದ್ದೆ ಇಲ್ವೇನಪ್ಪಾ?" ಎಂದೆ, ಬಾಯಿ ತುಂಬ ಮರುಕ ತುಂಬಿಕೊಂಡು.

"ಕೆಲಸದ್ದೇ ಯೋಚನೆ ಅಣ್ಣ. ತಿಂಗಳ ಕೊನೆಗೆ ಏನಾಗುತ್ತೋ. ಇವಳಿಗೆ ಇನ್ನೊಂದು ಆಪರೇಷನ್ ಬೇಕಾಗಬಹುದು ಅಂತಾರೆ ಡಾಕ್ಟ್ರು."

ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಹೆಂಡತಿಯ ಕಡೆ ನೋಡಿದೆ. ಅವಳು ಪಾತ್ರೆಯ ಕಡೆ ನೋಡಿದಳು.

ಆದರೂ ಸೊನ್ನೆ ಸೊನ್ನೆಯೇ. ಬರೆದಿಟ್ಟುಕೊಳ್ಳುತ್ತೇನೆ.

ಜೂನ್ ೧೭, ಸೋಮವಾರ

ಹಳೇ ಸ್ವಿಚ್ಚು ಕೈ ಇಡಲಾಗದಷ್ಟು ಬಿಸಿ. ಎರಡು ಶೆಡ್ಡಿನ ಭಾರವೂ ಅದರ ಮೇಲಲ್ಲವೇ? ರಾಜನಾದ ಮೇಲೆ ತಲೆಬಿಸಿ ಇದ್ದದ್ದೇ.

ಹನ್ನೊಂದರ ಹೊತ್ತಿಗೆ ಇಸ್ತ್ರಿ ಒಂದು ಮೇಜಿನ ಫ್ಯಾನು ಹಿಡಿದು ನನ್ನ ಕೋಣೆಗೆ ಬಂದ. ಮನೆಯಿಂದ ತಂದದ್ದು, ನಾದಿನಿಯ ತಲೆದೆಸೆಯಲ್ಲಿದ್ದದ್ದು.

"ಅಣ್ಣ, ಇದನ್ನ ಸ್ವಿಚ್ಚಿನ ಕಡೆ ತಿರುಗಿಸಿ ಇಡಿ. ಇಲ್ಲಾಂದ್ರೆ ಕೆಟ್ಟು ಕೂತುಬಿಡುತ್ತೆ."

"ನನ್ನ ಸ್ವಿಚ್ಚು ಬಿಸಿ ಅಂತ ನಿನಗೆ ಹೇಗೆ ಗೊತ್ತು?"

ಅವನು ಫ್ಯಾನಿನ ವೈರು ಬಿಚ್ಚತೊಡಗಿದ. "ಹಳೇದಲ್ವಾ, ಅದಕ್ಕೆ ಅಂದೆ. ನಿಮಗೆ ಯಾವಾಗ ಸರಿ ಅನ್ಸುತ್ತೋ ಆಗ ಭಾರ ಇಳಿಸೋಣ. ನಿಮ್ಮ ಕೈಯಲ್ಲೇ ಆಗಲಿ."

ಹೋದ. ಸೋತವನು ಗೆದ್ದವನಿಗೆ ಗಾಳಿ ಬೀಸುವುದನ್ನು ಇವತ್ತು ನೋಡಿದೆ. ಎಂಥ ದಡ್ಡ.

ಅಂಗಿಯ ತೋಳು ಮಾತ್ರ ಮಡಿಕೆ ಮಡಿಕೆಯಾಗಿತ್ತು. ಇಸ್ತ್ರಿ ಮಾಡಲು ಬಿಡುವಾಗಿಲ್ಲವೋ ಏನೋ.

ಜೂನ್ ೧೮, ಮಂಗಳವಾರ

ಸ್ವಿಚ್ಚು ಕೂತಿತು. ಪಟ್ಟಿ ಬಹಳ ಹೊತ್ತು ನಿಂತಿತು. ಒಲೆಯಿಂದ ಹೊಗೆ. ಬೆಂಕಿ ಹತ್ತೀತೆಂದು ಅಕ್ಕ ಕೈಯಿಂದಲೇ ತಟ್ಟೆಗಳನ್ನು ಹೊರಗೆಳೆದಳು. ಮೊಣಕೈಯವರೆಗೆ ಸುಟ್ಟಿದೆ.

ಕಟ್ಟು ಕಟ್ಟಿಸಿಕೊಂಡು ಬಂದು, "ಮಾವ, ಇವತ್ತು ನನ್ನ ಕೈಯೂ ಬಿಸ್ಕತ್ತು ಬಣ್ಣ ಬಂತು," ಎಂದು ನಕ್ಕಳು.

ನಾನೂ ನಗಲು ನೋಡಿದೆ.

ಜೂನ್ ೧೯, ಬುಧವಾರ

ನಾಳೆ ಇಬ್ಬರೂ ಮ್ಯಾನೇಜರ ಕೋಣೆಗೆ ಬರಬೇಕು. "ತಿಂಗಳ ಕೊನೆ ತನಕ ಕಾಯೋದಿಲ್ಲ. ಯಾರ ತಪ್ಪೋ ಅವರು ಅಲ್ಲಿಂದಲೇ ಗೇಟು ದಾಟಬೇಕು," ಎಂದು ಹೇಳಿ ಕಳಿಸಿದ್ದಾರೆ.

ಸಂಜೆ ಊಟಕ್ಕೆ ಹೋದೆ. ಇಸ್ತ್ರಿ ಔಷಧಿ ತರಲು ಹೊರಗೆ ಹೋಗಿದ್ದ. ಹೆಂಡತಿ ತಟ್ಟೆ ಇಟ್ಟಳು, ಬಡಿಸಲಿಲ್ಲ.

"ನಾಳೆ ಏನು ಹೇಳ್ತೀರಾ ಅಲ್ಲಿ?"

"ಯಾವುದರ ಬಗ್ಗೆ?"

"ರೀ, ನನ್ನ ಹತ್ರ ಆಟ ಬೇಡ. ನಂಬರು ಇಳಿಸ್ತಿರೋದು ನೀವು ಅಂತ ತಂಗಿ ಗಂಡನಿಗೆ ಮೊದಲನೇ ದಿನಾನೇ ಗೊತ್ತು."

ನಾನು ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಒಳಗಿನಿಂದ ನಾದಿನಿ ಹೇಳಿದಳು. "ತೆರೆ ಮೇಲೇ ಬರುತ್ತಂತೆ ಭಾವ. ಯಾರು ರೂಟ್, ಯಾವ ನಂಬರು, ಯಾವ ವಿಳಾಸ, ಎಲ್ಲಾ. ಮ್ಯಾನೇಜರಿಗೆ ಹೇಳ್ರೀ ಅಂತ ನಾನೇ ಬಡ್ಕೊಂಡೆ. ಕೇಳಲಿಲ್ಲ. ಅಣ್ಣ ಈ ಕಾರ್ಖಾನೇಲಿ ತಲೆ ಎತ್ಕೊಂಡು ಓಡಾಡೋರು, ತಾವಾಗೇ ಬಿಡ್ತಾರೆ, ಇರು, ಅಂದ್ರು."

ಹೌದು, ತೆರೆಯ ಮೇಲೆ ಬರುತ್ತದೆ. ನಾನೂ ಅಲ್ಲೇ ಅಲ್ಲವೇ ಅವನ ನಂಬರು ನೋಡುತ್ತಿದ್ದದ್ದು? ನನಗೆ ಕಾಣುವುದು ಅವನಿಗೆ ಕಾಣುವುದಿಲ್ಲ ಎಂದು ಯಾಕೆ ಅಂದುಕೊಂಡೆನೋ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು.

ಇಷ್ಟು ದಿನ ಎದುರಿಗೆ ಕೂತು ಉಂಡಿದ್ದಾನೆ. ಉಪ್ಪು ಕೇಳಿದರೆ ಉಪ್ಪು ಸರಿಸಿದ್ದಾನೆ. ಮಲಗಿದ ಹೆಂಡತಿಯ ತಲೆದೆಸೆಯಿಂದ ಫ್ಯಾನು ಕಿತ್ತು ತಂದುಕೊಟ್ಟಿದ್ದಾನೆ. ಎಲ್ಲವೂ ಗೊತ್ತಿದ್ದು!

ನನ್ನನ್ನು ಕ್ಷಮಿಸಲು ಇವನ್ಯಾರು? ನಾನು ಕೇಳಿದ್ದೆನೆ? ಅಂಗಿಯಲ್ಲಿ ನನಗಿಂತ ಮೇಲು, ಓದಿನಲ್ಲಿ ಮೇಲು, ಹೆಂಡತಿಯನ್ನು ನೋಡಿಕೊಳ್ಳುವುದರಲ್ಲಿ ಮೇಲು, ಇರಲಿ. ದೊಡ್ಡತನವೊಂದು ಉಳಿದಿತ್ತು, ಹಿರಿಯನೆಂದು ಅದು ನನ್ನ ಪಾಲಿಗೇ ಇರಬೇಕಿತ್ತು. ಅದನ್ನೂ ಹೊಡೆದುಕೊಂಡನೇ? ಹೊಟ್ಟೆಯೊಳಗೆ ಒಲೆ ಹಚ್ಚಿದಂತಿದೆ. ಇದುವರೆಗೆ ಉರಿದದ್ದು ಇದರ ಮುಂದೆ ಬೆಂಕಿಕಡ್ಡಿ.

ಜೂನ್ ೨೦, ಗುರುವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮ್ಯಾನೇಜರು ಕುರ್ಚಿ ತೋರಿಸಲಿಲ್ಲ. ಅಕ್ಕ ಕೈಗೆ ಕಟ್ಟು ಕಟ್ಟಿಕೊಂಡು ಗೋಡೆಗೆ ಒರಗಿದ್ದಳು, ಸಾಕ್ಷಿಗೆ ಕರೆಸಿದ್ದರಂತೆ. ನಾನು ಬಾಯಿ ತೆರೆಯುವ ಮೊದಲೇ ಇಸ್ತ್ರಿ ಒಂದು ಹೆಜ್ಜೆ ಮುಂದೆ ಬಂದ.

"ಸರ್, ತಪ್ಪು ನನ್ನದು. ಜೋಡಿಸಿದ ಮೇಲೆ ನಂಬರು ಗಟ್ಟಿಯಾಗಿ ಕೂರಿಸಲಿಲ್ಲ. ಅಣ್ಣನದು ಏನೂ ಇಲ್ಲ."

ಅವನು ಹೇಳಿದ ರೀತಿ ನೋಡಬೇಕಿತ್ತು. ದನಿ ಏರಲಿಲ್ಲ, ಇಳಿಯಲಿಲ್ಲ. ನಾನು ಸುಮ್ಮನೆ ನಿಂತಿದ್ದರೆ ಸಾಕಿತ್ತು, ಬೀಗದ ಕೈ ನನ್ನ ಜೇಬಿಗೆ ಬರುತ್ತಿತ್ತು. ಆದರೆ ಅಕ್ಕ ಅವನನ್ನೇ ನೋಡುತ್ತಿದ್ದಳು, ಮ್ಯಾನೇಜರೂ ಅವನನ್ನೇ ನೋಡುತ್ತಿದ್ದರು, ಆ ನೋಟದಲ್ಲಿ ಕೋಪಕ್ಕಿಂತ ಗೌರವವೇ ಜಾಸ್ತಿ ಇತ್ತು. ನನಗೆ ತಡೆಯಲಾಗಲಿಲ್ಲ.

"ಸರ್, ಇವನ ಮಾತು ನಂಬಬೇಡಿ," ಎಂದೆ. "ಇಂಥ ಕಿಲಾಡಿ ಕೆಲಸ ಮಾಡೋಕೆ ಇವನಿಗೆ ತಲೆ ಎಲ್ಲಿದೆ? ಮಾಡಿದ್ದು ನಾನು."

"ಅಣ್ಣ, ಸುಮ್ನಿರಿ."

"ನೀನು ಸುಮ್ನಿರು. ಸರ್, ಇವನು ಒಂದು ಮೆಟ್ಟಿಲು ಇಳಿದ್ರೆ ನಾನು ಇನ್ನೊಂದು ಇಳಿದೆ. ಸೊನ್ನೆವರೆಗೂ ಹೋದೆ. ಬೇಕಾದ್ರೆ ತೋರಿಸ್ತೀನಿ ಬನ್ನಿ."

"ಸರ್, ಇವರು ಇಳಿಸ್ತಿದ್ದದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಮಗೆ ಹೇಳಲಿಲ್ಲ. ಮಾಡಿದವರಿಗಿಂತ ಮುಚ್ಚಿಟ್ಟವನ ತಪ್ಪೇ ಹೆಚ್ಚು."

"ನೋಡಿದ್ರಾ ಸರ್! ತಪ್ಪಿನಲ್ಲೂ ತನ್ನದೇ ಹೆಚ್ಚು ಅಂತಾನೆ!"

ಮ್ಯಾನೇಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈ ಕೋಣೆಗೆ ಬಂದೋರೆಲ್ಲ ನಾನಲ್ಲ ಸರ್, ನಾನಲ್ಲ ಸರ್ ಅಂತಾರೆ. ನೀವಿಬ್ಬರೂ ಯಾವ ಊರಿನ ಕಳ್ಳರಯ್ಯಾ?"

"ಒಂದೇ ಮಾವನ ಅಳಿಯಂದಿರು ಸರ್," ಎಂದಳು ಅಕ್ಕ. "ಮನೇಲಿ ಆಡೋ ಜಗಳ ಇಲ್ಲಿಗೆ ತಂದಿದ್ದಾರೆ."

ಕೊನೆಗೆ ಎಲ್ಲರನ್ನೂ ನನ್ನ ಕೋಣೆಗೆ ಕರೆದೊಯ್ದು ತೆರೆ ತೆರೆದು ತೋರಿಸಿದೆ. ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳಿದೆ. ಸಮ ಬಂದಾಗ ವಿಳಾಸ ಹೇಗೆ ಗೆಲ್ಲುತ್ತದೆ ಎಂಬಲ್ಲಿ ಮ್ಯಾನೇಜರು "ಹೌದಾ!" ಎಂದರು. ಮೆಚ್ಚಿಕೊಂಡೇ ಅಂದದ್ದು. ಅದನ್ನು ಇಸ್ತ್ರಿಯೂ ಕೇಳಿಸಿಕೊಂಡ.

ಆಮೇಲೆ ಮ್ಯಾನೇಜರು ಅಕ್ಕನ ಕೈ ತೋರಿಸಿ ನನ್ನನ್ನು 'ಇದಕ್ಕೇನು ಹೇಳ್ತೀರಿ' ಎಂದು ಕೇಳಿದರು. ಅಲ್ಲಿ ನಾನು ಏನು ಹೇಳಿದೆ ಎಂಬುದನ್ನು ಬರೆಯುವುದಿಲ್ಲ. ಅದು ಅಕ್ಕನಿಗೆ ಹೇಳಿದ್ದು.

ಬೀಗದ ಕೈ ಇಸ್ತ್ರಿಗೆ. ನನ್ನನ್ನು ಗೇಟು ದಾಟಿಸಲೇಬೇಕು ಎಂದಿದ್ದ ಮ್ಯಾನೇಜರು ಅಕ್ಕನ ಮುಖ ನೋಡಿದರು. "ಗೇಟಿನವರೆಗೆ ಸಾಕು ಬಿಡಿ ಸರ್, ಆಚೆ ಬೇಡ," ಎಂದಳು ಅವಳು. ಹಾಗಾಗಿ ಇನ್ನು ಮುಂದೆ ಗೋದಾಮಿನ ಗೇಟಿನಲ್ಲಿ ಕೂತು ಕ್ಯಾಮರಾ ನೋಡುವ ಕೆಲಸ ನನ್ನದು. ಸ್ವಿಚ್ಚನ್ನು ಮುಟ್ಟುವ ಹಾಗಿಲ್ಲ.

ತಪ್ಪು ಒಪ್ಪುವ ಪಂದ್ಯದಲ್ಲಂತೂ ನಾನೇ ಗೆದ್ದೆ. ಇಸ್ತ್ರಿಯ ಮುಖ ಸಣ್ಣದಾಗಿತ್ತು.

ಜೂನ್ ೨೨, ಶನಿವಾರ

ಇವತ್ತು ಕೋಣೆ ಬಿಟ್ಟುಕೊಟ್ಟೆ. ಹಳೇ ಸ್ವಿಚ್ಚಿನ ನಂಬರನ್ನು ಮೇಲೆತ್ತಿ ಹೊಸದಕ್ಕೆ ಬೇರು ಒಪ್ಪಿಸುವ ಕೆಲಸವೊಂದು ಬಾಕಿ ಇತ್ತು. ಇಸ್ತ್ರಿ ನನ್ನ ಕುರ್ಚಿಯಲ್ಲಿ ಕೂರಲಿಲ್ಲ. ಬಾಗಿಲಲ್ಲೇ ನಿಂತಿದ್ದ.

"ಮ್ಯಾನೇಜರ ಹತ್ರ ಕೇಳಿದೀನಿ. ಇದೊಂದನ್ನ ನೀವೇ ಹಾಕಿ ಅಣ್ಣ. ಎರಡನೇ ಸ್ಥಾನಕ್ಕೆ ಇಡಿ. ಹೊಸದು ಬಿದ್ದರೆ ಇದು ಎತ್ಕೊಳ್ಳಲಿ."

"ಈಗ ಬೇಡ," ಎಂದೆ. "ಒಲೇಲಿ ಬಿಸ್ಕತ್ತಿದೆ."

ಒಲೆ ಖಾಲಿಯಾಗಿ ಪಟ್ಟಿ ಒರೆಸಲು ನಿಲ್ಲಿಸುವವರೆಗೆ ಇಬ್ಬರೂ ಕಾದೆವು. ಅಕ್ಕ ಕಿಟಕಿಯಿಂದ ಒಳ್ಳೆಯ ಕೈ ಬೀಸಿದ ಮೇಲೆ ನಂಬರು ಹಾಕಿದೆ. ದೀಪಗಳು ಒಮ್ಮೆ ಕಣ್ಣು ಮುಚ್ಚಿ ತೆರೆದವು. ಒಂದು ಬಿಸ್ಕತ್ತೂ ಕರಕಲಾಗಲಿಲ್ಲ. ಇಷ್ಟು ನಾಜೂಕಾಗಿ ಮಾಡಲು ಇಸ್ತ್ರಿಗೆ ಬರುತ್ತಿತ್ತೇ? ಬರುತ್ತಿರಲಿಲ್ಲ.

ಜುಲೈ ೮, ಸೋಮವಾರ

ಬಹಳ ದಿನ ಬರೆಯಲಿಲ್ಲ. ನಾದಿನಿಯ ಪ್ಲಾಸ್ಟರ್ ಬಿಚ್ಚಿದರು, ಎರಡನೇ ಆಪರೇಷನ್ ಬೇಡವಂತೆ, ಹೆಂಡತಿ ಮನೆಗೆ ಬಂದಿದ್ದಾಳೆ. ಹೇಳಿಕೊಳ್ಳಲು ಕಿವಿ ಇದೆ. ಆದರೆ ಈ ವಿಷಯ ಅವಳಿಗೆ ಹೇಳಿದರೆ ನಗುತ್ತಾಳೆ, ಅದಕ್ಕೆ ಬರೆಯುತ್ತಿದ್ದೇನೆ.

ಎರಡು ಶೆಡ್ಡು ಒಬ್ಬನಿಂದ ಆಗುವುದಿಲ್ಲವೆಂದು ಮ್ಯಾನೇಜರಿಗೆ ಈಗ ಹೊಳೆದಿದೆ. ಇಸ್ತ್ರಿಯ ಜತೆಗೆ ಒಬ್ಬನನ್ನು ಹಾಕಿದ್ದಾರೆ. ಐವತ್ತರ ಆಸುಪಾಸಿನ ಗಂಡಸು, ಮುಖಕ್ಕಿಂತ ಅಗಲವಾದ ಮೀಸೆ. ಬೆಳಗಿನಿಂದ ಕ್ಯಾಮರಾದ ತೆರೆಯಲ್ಲಿ ಅವರಿಬ್ಬರನ್ನೇ ನೋಡುತ್ತಿದ್ದೇನೆ. ಮೀಸೆಯವನಿಗೆ ಏಣಿ ಹಿಡಿಯಲು ಬರುವುದಿಲ್ಲ. ಕೆಳಗೆ ನಿಂತು ಒಂದು ಕೈಯಲ್ಲಿ ಏಣಿ, ಒಂದು ಕೈಯಲ್ಲಿ ಚಹಾ! ಮೇಲೆ ಇರುವವನು ಬಿದ್ದರೆ? ಆ ಮನೆಯಲ್ಲಿ ಒಂದು ಮುರಿದ ಕಾಲು ಸಾಲದೇ?

ಅದಾದರೂ ಹೋಗಲಿ. ಹನ್ನೊಂದೂವರೆಗೆ ಅಂಗಳ ದಾಟುವಾಗ ಮೀಸೆಯವನು ಏನೋ ಹೇಳಿದ. ಇಸ್ತ್ರಿ ನಕ್ಕ. ಹಲ್ಲು ಕಾಣುವ ಹಾಗೆ, ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಇಷ್ಟು ವರ್ಷ ಹೇಳಿದ ಯಾವ ಮಾತಿಗೂ ಅವನು ಹಾಗೆ ನಕ್ಕಿಲ್ಲ. ಅಂಥದ್ದೇನು ಹೇಳಿದ ಆ ಮೀಸೆ? ಕ್ಯಾಮರಾಕ್ಕೆ ಕಿವಿ ಇಲ್ಲ.

ಜುಲೈ ೯, ಮಂಗಳವಾರ

ಮಧ್ಯಾಹ್ನ ಇಸ್ತ್ರಿ ಊಟದ ಡಬ್ಬಿ ಹಿಡಿದುಕೊಂಡು ಗೇಟಿಗೆ ಬಂದ. ಅವನ ಹಿಂದೆಯೇ ಮೀಸೆಯವನೂ ತನ್ನ ಡಬ್ಬಿ ಹಿಡಿದು ಬರುವುದು ತೆರೆಯಲ್ಲಿ ಮೊದಲೇ ಕಂಡಿತು.

"ಅಣ್ಣ, ಇಲ್ಲೇ ಊಟ ಮಾಡೋಣ ಅಂತ ಬಂದೆ," ಎಂದ ಇಸ್ತ್ರಿ. "ಇವರೂ ಬರ್ತೀನಿ ಅಂದ್ರು."

"ಜಾಗ ಎಲ್ಲಿದೆಯಪ್ಪಾ?" ಎಂದೆ. "ಇಬ್ಬರು ಕೂತ್ರೆ ಮುಗೀತು."

ಮೀಸೆಯವನು ಬೆಂಚು ನೋಡಿದ, ನನ್ನನ್ನು ನೋಡಿದ, ಆಮೇಲೆ ನೆರಳಿಗೆ ಹೋಗಿ ಕೂತ.

ಗೇಟಿನ ಬೆಂಚಿನಲ್ಲಿ ಆರಾಮಾಗಿ ನಾಲ್ಕು ಜನ ಕೂರಬಹುದು. ಅವರು ಅಂಗಳ ದಾಟುವಷ್ಟರಲ್ಲಿ ನಾನು ಅದರ ಮೇಲೆ ನನ್ನ ಚೀಲ, ಛತ್ರಿ, ಟಾರ್ಚು, ಹೆಚ್ಚಿನ ಒಂದು ಜೊತೆ ಚಪ್ಪಲಿ ಎಲ್ಲವನ್ನೂ ಹರಡಿ, ನನ್ನ ಪಕ್ಕದಲ್ಲಿ ಒಬ್ಬನಿಗಾಗುವಷ್ಟು ಜಾಗ ಮಾತ್ರ ಒರೆಸಿ ಇಟ್ಟಿದ್ದೆ.